ಸಾವಿಗೊಂದು ಕೋಣೆ ಹುಡುಕಿ ಹಾಲೆಂಡಿಗೆ

ಹೊರಡುವ ಮುನ್ನ

ನಮ್ಮ ಊರಿಗೆ ಹೊಸ ಪುರಸಭೆ ಕಟ್ಟಡ ಬರುತ್ತದೆ, ಅದು ಹೇಗಿರಬೇಕು ಎಂದು ನೋಡಿಕೊಂಡು ಬನ್ನಿ ಎಂದು ಮೇಲಿನವರು ನಮ್ಮನ್ನು ಹಾಲೆಂಡಿಗೆ ಕಳಿಸಿದರು. ನಗಬೇಡಿ, ನನಗೂ ನಗು ಬಂದಿತ್ತು. ಈಗಿರುವ ಕಟ್ಟಡದ ಮಾಳಿಗೆ ಸೋರುತ್ತದೆ. ಮಳೆ ಬಂದ ದಿನ ಸಭೆ ನಡೆದರೆ ಸದಸ್ಯರೆಲ್ಲ ಕುರ್ಚಿ ಎಳೆದುಕೊಂಡು ಒಣಗಿರುವ ಮೂಲೆಗೆ ಸರಿಯುತ್ತೇವೆ, ಆಳುವ ಪಕ್ಷ ವಿರೋಧ ಪಕ್ಷ ಒಂದಾಗುವುದು ಆಗ ಮಾತ್ರ. ಇದಕ್ಕೆ ಗಾರೆಯವನನ್ನು ಕರೆಸಿದರೆ ಸಾಲದೆ, ಹಾಲೆಂಡ್ ಯಾಕೆ ಎಂದು ಊರಿನವರು ಕೇಳಿದರು. ಊರಿನ ಹೆಸರು ಹೇಳುವುದಿಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು, ಮೂರರಲ್ಲಿ ಎಲ್ಲಿಂದ ಬಸ್ಸು ಹತ್ತಿದರೂ ಒಂದು ತೂಕಡಿಕೆ ಮುಗಿಯುವುದರೊಳಗೆ ಸಿಗುವ ಊರು ಅಂದುಕೊಳ್ಳಿ.

ನಾನು ಗೌರಮ್ಮ. ಎರಡನೇ ಸಲ ಗೆದ್ದ ಸದಸ್ಯೆ, ಕಟ್ಟಡ ಸಮಿತಿಯಲ್ಲಿ ಒಬ್ಬಳೇ ಹೆಂಗಸು. ನನ್ನ ವಾರ್ಡಿನಲ್ಲಿ ಸ್ವಂತ ಮನೆ ಇರುವವರು ಕಡಿಮೆ. ರೇಷ್ಮೆ ನೂಲು ತೆಗೆಯುವವರು, ಮಗ್ಗದವರು, ಹೋಟೆಲಿನಲ್ಲಿ ದುಡಿಯುವವರು, ಎಲ್ಲರೂ ಬಾಡಿಗೆಯವರೇ. ನಾವೂ ಬಾಡಿಗೆಯವರೇ.

ನಮ್ಮ ಕಡೆ ಬಾಡಿಗೆ ಮನೆಯವರು ಬದುಕಲು ಅಡ್ಡಿಯಿಲ್ಲ, ಸಾಯುವ ಹಾಗಿಲ್ಲ. ಆಸ್ಪತ್ರೆಯಲ್ಲಿ ತೀರಿಕೊಂಡವರನ್ನು ಗಾಡಿಯಲ್ಲಿ ತಂದರೆ ಮನೆ ಮಾಲೀಕ ಗೇಟಿನಲ್ಲೇ ನಿಂತಿರುತ್ತಾನೆ. ‘ಇಲ್ಲಿ ಇಳಿಸ್‌ಬ್ಯಾಡಿ, ನಿಮ್ಮೂರ್ಗೇ ತಕಂಡು ಓಗ್ಬುಡಿ’ ಎನ್ನುತ್ತಾನೆ. ಊರೇ ಇಲ್ಲದವರು ಎಲ್ಲಿಗೆ ಹೋಗಬೇಕು? ಹೋದ ಮಳೆಗಾಲದಲ್ಲಿ ನಮ್ಮ ಬೀದಿಯ ಮಗ್ಗದ ಪುಟ್ಟಸ್ವಾಮಿಯ ಹೆಂಡತಿಗೆ ಹೀಗೇ ಆಯಿತು. ಆಟೋ ಸ್ಟ್ಯಾಂಡಿನ ಹಿಂದೆ ಟಾರ್ಪಾಲು ಕಟ್ಟಿ ಅಲ್ಲಿ ಇರಿಸಿದರು. ನಾವು ಲಿಂಗ ಕಟ್ಟುವ ಜನ, ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ವಿಭೂತಿ ಬಳಿದು, ಚಕ್ಕಳಮಕ್ಕಳ ಹಾಕಿಸಿ, ಗೋಡೆಗೆ ಬೆನ್ನು ಕೊಟ್ಟು ಕೂರಿಸುತ್ತೇವೆ. ಬಂದವರು ಎದುರು ಕೂತು ಭಜನೆ ಮಾಡುತ್ತಾರೆ. ಆ ಹೆಂಗಸಿಗೆ ಒರಗಲು ಗೋಡೆ ಸಿಗಲಿಲ್ಲ. ಕರೆಂಟ್ ಕಂಬಕ್ಕೆ ಒರಗಿಸಿ ಹಳೇ ಸೀರೆಯಿಂದ ಕಟ್ಟಿದ್ದರು. ಗಾಳಿಗೆ ಟಾರ್ಪಾಲು ಎದ್ದಾಗಲೆಲ್ಲ ಹಣೆಯ ವಿಭೂತಿ ನೆನೆದು ಮೂಗಿನ ಮೇಲೆ ಇಳಿಯುತ್ತಿತ್ತು. ನಾನು ಸೆರಗಿನಿಂದ ಒರೆಸುತ್ತಾ ಕೂತಿದ್ದೆ. ಅವತ್ತೇ ತೀರ್ಮಾನ ಮಾಡಿದೆ. ಹೊಸ ಕಟ್ಟಡದಲ್ಲಿ ಸಮುದಾಯ ಭವನ ಬರುತ್ತದಲ್ಲ, ಅದರ ಪಕ್ಕ ಇಂಥವರಿಗೆ ಒಂದು ಕೋಣೆ ಹಾಕಿಸಿಯೇ ತೀರುತ್ತೇನೆ ಎಂದು ನನ್ನ ವಾರ್ಡಿನವರಿಗೆ ಮಾತು ಕೊಟ್ಟೆ.

ಅದರಲ್ಲಿ ನನ್ನ ಸ್ವಾರ್ಥವೂ ಇತ್ತು. ನಮ್ಮ ಯಜಮಾನರು ಮಹದೇವಪ್ಪನವರಿಗೆ ಎದೆ ರೋಗ. ರೇಷ್ಮೆ ಗೂಡು ಬೇಯಿಸುವ ಹಬೆಯಲ್ಲಿ ಅರ್ಧ ಆಯುಷ್ಯ ಕಳೆದವರು, ಈಗ ಬಚ್ಚಲಿಗೆ ಹೋಗಿ ಬಂದರೂ ಏದುಸಿರು. ಮೈಸೂರಿನ ಡಾಕ್ಟರು ನನ್ನನ್ನು ಹೊರಗೆ ಕರೆದು, ಇನ್ನು ಔಷಧಿಯಿಂದ ಹೆಚ್ಚೇನೂ ಆಗುವುದಿಲ್ಲ ಎಂದಿದ್ದರು. ಧನಗೆರೆಯಲ್ಲಿದ್ದ ಇವರ ಪಾಲಿನ ಮನೆ ಅಣ್ಣತಮ್ಮಂದಿರ ಜಗಳದಲ್ಲಿ ಬಿದ್ದುಹೋಗಿ ಈಗ ಅಲ್ಲಿ ಯಾರದೋ ದನದ ಕೊಟ್ಟಿಗೆ ಇದೆ. ನಾನು ಹೋಗುವುದೇ ಬೇಡ ಎಂದು ಕೂತಿದ್ದೆ. ಅವರೇ ಮಗಳನ್ನು ಕರೆಸಿ ನನ್ನನ್ನು ಹೊರಡಿಸಿದರು.

‘ಓಗ್ಬುಟ್ಟು ಬಾ ಕಣಮ್ಮಿ,’ ಎಂದರು. ‘ನೀ ಬರೋಗಂಟ ಇರ್ತೀನಿ. ಆ ಕ್ವಾಣೆದು ಒಂದ ಗಟ್ಟಿ ಮಾಡ್ಕಂಡು ಬಾ.’

ವಿಮಾನ ನಿಲ್ದಾಣ

ಒಡೆಯರಪಾಳ್ಯದ ಟಿಬೆಟಿನವರ ಹತ್ತಿರ ಕೊಂಡ ದಪ್ಪ ಸ್ವೆಟರನ್ನು ಸೀರೆ ಮೇಲೆ ಹಾಕಿಕೊಂಡು, ಚೀಲದಲ್ಲಿ ಹುರಿಹಿಟ್ಟು, ಚಟ್ನಿಪುಡಿ ತುಂಬಿಕೊಂಡು ಹೊರಟೆ. ಜೊತೆಗೆ ಇಬ್ಬರು. ಒಬ್ಬರು ನಮ್ಮ ಅಧ್ಯಕ್ಷರು ನಾಗರಾಜಪ್ಪ. ಗೊಬ್ಬರದ ಅಂಗಡಿ ಇದೆ, ಮಾತುಗಾರರು, ಕೆಟ್ಟವರಲ್ಲ, ಆದರೆ ವಿಪರೀತ ಶಕುನ ನೋಡುವ ಮನುಷ್ಯ. ಬೆಕ್ಕು ಅಡ್ಡ ಬಂದರೆ ಪುರಸಭೆಯ ಜೀಪು ಹಿಂದಕ್ಕೆ ತಿರುಗುತ್ತದೆ. ಇನ್ನೊಬ್ಬ ಎಂಜಿನಿಯರ್ ಕಿರಣ್, ಮೈಸೂರಿನವನು. ನಮ್ಮಿಬ್ಬರ ಇಂಗ್ಲಿಷು ಯೆಸ್ಸು ನೋ ದಾಟುವುದಿಲ್ಲವಾದ್ದರಿಂದ ಅಲ್ಲಿ ನಮ್ಮ ಬಾಯಿ, ಕಿವಿ ಎರಡೂ ಅವನೇ.

ಹಾಲೆಂಡಿನಲ್ಲಿ ಇಳಿದ ಕೂಡಲೇ ನನ್ನನ್ನು ಹಿಡಿದರು. ಚೀಲದಲ್ಲಿ ವಿಭೂತಿ ಗಟ್ಟಿ ಇತ್ತು. ಒಬ್ಬ ಎತ್ತರದ ಅಧಿಕಾರಿ ಅದನ್ನು ಕೈಗವಸಿನ ಬೆರಳಲ್ಲಿ ಉಜ್ಜಿ, ಮೂಸಿ, ಯಂತ್ರಕ್ಕೆ ಕೊಟ್ಟ. ಅಧ್ಯಕ್ಷರು ನನ್ನನ್ನು ಪರಿಚಯವೇ ಇಲ್ಲದವರ ಹಾಗೆ ದೂರ ಹೋಗಿ ನಿಂತರು. ಇದು ಹಸುವಿನ ಸಗಣಿ ಸುಟ್ಟ ಬೂದಿ ಎಂದು ಕಿರಣ್ ವಿವರಿಸಿದ. ಯಾತಕ್ಕೆ ಎಂದು ಕೇಳಿದರು. ದಿನಾ ಹಣೆಗೆ ಹಚ್ಚುತ್ತಾರೆ, ಸತ್ತಾಗ ಮೈಗೆಲ್ಲ ಹಚ್ಚುತ್ತಾರೆ ಎಂದ. ಆ ಮನುಷ್ಯ ನನ್ನ ಹಣೆ ನೋಡಿದ, ಗಟ್ಟಿಯನ್ನು ಮೊದಲಿದ್ದ ಬಟ್ಟೆಯಲ್ಲೇ ಸುತ್ತಿ ಎರಡೂ ಕೈಯಲ್ಲಿ ವಾಪಸು ಕೊಟ್ಟ. ನಮ್ಮೂರಿನ ಚೆಕ್‌ಪೋಸ್ಟಿನಲ್ಲಿ ಯಾರೂ ಯಾವುದನ್ನೂ ನನಗೆ ಎರಡು ಕೈಯಲ್ಲಿ ಕೊಟ್ಟಿಲ್ಲ.

ಗಾಜಿನ ಕಚೇರಿ

ನಾವು ನೋಡಬೇಕಿದ್ದದ್ದು ಒಂದು ಚಿಕ್ಕ ಊರಿನ ಹೊಸ ಪುರಸಭೆ. ಆ ಊರಿನ ಹೆಸರು ಗಂಟಲಿನಿಂದ ಕೆಮ್ಮಿದ ಹಾಗೆ ಹೊರಡಬೇಕು, ನಮಗೆ ಮೂವರಿಗೂ ಕೊನೆಯವರೆಗೆ ಬರಲಿಲ್ಲ. ಬಾಗಿಲು ತಾನೇ ಗಿರಗಿರ ಸುತ್ತುವಂಥದ್ದು. ಅಧ್ಯಕ್ಷರು ಒಳಗೆ ಹೊಕ್ಕವರು ಇಳಿಯುವುದು ತಿಳಿಯದೆ ಒಂದು ಸುತ್ತು ಬಂದು ಮತ್ತೆ ರಸ್ತೆಗೇ ಬಿದ್ದರು. ಎರಡನೇ ಸಲ ಕಿರಣ್ ಅವರ ಶಾಲು ಹಿಡಿದು ಎಳೆದುಕೊಂಡ.

ಒಳಗೆ ನಮ್ಮನ್ನು ಬರಮಾಡಿಕೊಂಡವರು ಮರೈಕೆ ಎಂಬ ಹೆಂಗಸು. ನನ್ನ ವಯಸ್ಸೇ, ಕಟ್ಟಡದ ಉಸ್ತುವಾರಿ ಅವರದು. ಕಾಫಿ ಕೊಟ್ಟು, ಡಬ್ಬಿ ತೆಗೆದು ಒಬ್ಬೊಬ್ಬರಿಗೆ ಒಂದೊಂದೇ ಬಿಸ್ಕತ್ತು ಕೊಟ್ಟು, ಮುಚ್ಚಳ ಹಾಕಿ ಡಬ್ಬಿಯನ್ನು ಪಕ್ಕಕ್ಕೆ ಇಟ್ಟರು. ಜಿಪುಣತನ ಎಂದು ನಾನು ಮೊದಲು ತಪ್ಪು ತಿಳಿದೆ. ಆಮೇಲೆ ನೋಡಿದರೆ ಅವರ ಮೇಯರಿಗೂ ಒಂದೇ ಬಿಸ್ಕತ್ತು. ಆ ಮೇಯರು ಸೈಕಲ್ಲಿನಲ್ಲಿ ಬಂದಿದ್ದ, ಪ್ಯಾಂಟಿನ ಕಾಲು ಒದ್ದೆ. ಅವನ ಹಿಂದೆ ಮುಂದೆ ಯಾರೂ ಇರಲಿಲ್ಲ. ನಮ್ಮ ಅಧ್ಯಕ್ಷರು ಅವನನ್ನು ಸಿಬ್ಬಂದಿಯವನೆಂದು ತಿಳಿದು ನೀರು ಕೇಳಿದರು. ಅವನು ತಂದುಕೊಟ್ಟ.

ಆ ಕಟ್ಟಡದಲ್ಲಿ ಪುಸ್ತಕಾಲಯವಿದೆ, ಮುದುಕರು ಇಸ್ಪೀಟು ಆಡುವ ಮೇಜುಗಳಿವೆ, ಎದೆಹಾಲು ಕುಡಿಸಲು ಪರದೆ ಎಳೆದ ಮೂಲೆ ಇದೆ. ಸಭೆ ನಡೆಯುವ ಕೋಣೆಯ ಗೋಡೆಯೂ ಗಾಜು. ದಾರಿಯಲ್ಲಿ ಹೋಗುವವರು ನಿಂತು, ಯಾರು ಮಾತಾಡುತ್ತಿದ್ದಾರೆ, ಯಾರು ತೂಕಡಿಸುತ್ತಿದ್ದಾರೆ ಎಂದು ನೋಡಬಹುದು. ನಮ್ಮ ಸಭೆ ಕೋಣೆಗೂ ಕಿಟಕಿ ಇದೆ, ಬೀರು ಅಡ್ಡ ಇಟ್ಟಿದ್ದಾರೆ. ಇವೆಲ್ಲ ನೋಡಿ ನನಗೆ ಆಸೆ ಹುಟ್ಟಿತು. ಹಾಲು ಕುಡಿಯುವ ಕೂಸಿಗೂ ಜಾಗ ಮಾಡಿರುವ ಜನ ಸತ್ತವರನ್ನು ಮರೆತಿರಲಾರರು, ಇಲ್ಲೇ ಎಲ್ಲೋ ಆ ಕೋಣೆಯೂ ಇರುತ್ತದೆ, ಅದನ್ನು ಅಧ್ಯಕ್ಷರ ಕಣ್ಣಿಗೆ ತೋರಿಸಿಬಿಟ್ಟರೆ ನನ್ನ ಕೆಲಸ ಆದ ಹಾಗೆ ಎಂದುಕೊಂಡೆ.

ಚೀಟಿ ಅಂಟಿಸುವ ಗೋಡೆ

ಮರುದಿನ ಮರೈಕೆ ನಮ್ಮನ್ನು ಒಂದು ಉದ್ದನೆಯ ಗೋಡೆಯ ಮುಂದೆ ನಿಲ್ಲಿಸಿದರು. ಊರಿನಲ್ಲಿ ಮುಂದೆ ಕಟ್ಟಬೇಕಿರುವ ಒಂದು ಭವನದ ನಕ್ಷೆಯನ್ನು ದೊಡ್ಡದಾಗಿ ಅಂಟಿಸಿದ್ದರು. ಅದರ ಮೇಲೆಲ್ಲ ಬಣ್ಣಬಣ್ಣದ ಚೀಟಿಗಳು. ಊರಿನ ಯಾರು ಬೇಕಾದರೂ ಬಂದು, ತನಗೆ ಏನು ಬೇಕೋ ಬರೆದು ಅಂಟಿಸಿ ಹೋಗಬಹುದಂತೆ. ನಕ್ಷೆ ಬರೆಯುವವರು ಎಲ್ಲವನ್ನೂ ಓದಿ, ಆಗುವುದಿಲ್ಲ ಎಂದರೆ ಯಾಕೆ ಆಗುವುದಿಲ್ಲ ಎಂದು ಪಕ್ಕದಲ್ಲೇ ಬರೆಯಬೇಕಂತೆ. ಒಬ್ಬಳು ನಾಯಿಗೆ ನೀರಿನ ತೊಟ್ಟಿ ಕೇಳಿದ್ದಳು. ಇನ್ನೊಬ್ಬ, ನನ್ನ ಹೆಂಡತಿ ಕಣ್ಣು ಕಾಣದವಳು, ಮೆಟ್ಟಿಲಿನ ಅಂಚು ಒರಟಾಗಿರಲಿ ಎಂದಿದ್ದ. ಕಿರಣ್ ಓದಿ ಓದಿ ಹೇಳುತ್ತಿದ್ದ. ನಮ್ಮ ಭವನದ ನಕ್ಷೆಯನ್ನು ಸಮಿತಿಯವಳಾದ ನಾನೇ ಕಂಡದ್ದು ಒಂದು ಸಲ, ಅದೂ ತಲೆಕೆಳಗಾಗಿ, ಅಧ್ಯಕ್ಷರ ಮೇಜಿನ ಈಚೆ ಬದಿಯಿಂದ.

‘ನೀವೂ ಬರೆಯಿರಿ, ನಿಮ್ಮ ಊರಿಗೆ ಏನು ಬೇಕು?’ ಎಂದು ಮರೈಕೆ ಮೂವರ ಕೈಗೂ ಚೀಟಿ ಕೊಟ್ಟರು. ಅಧ್ಯಕ್ಷರು ‘ಪಾರ್ಕಿಂಗ್’ ಎಂದು ಬರೆಸಿದರು. ಕಿರಣ್ ಲಿಫ್ಟ್ ಎಂದು ಬರೆದ. ನಾನು ಕನ್ನಡದಲ್ಲಿ ‘ಬಾಡಿಗೆ ಮನೆಯವರು ತಮ್ಮ ಸತ್ತವರನ್ನು ಕೂರಿಸಿಕೊಳ್ಳಲು ಒಂದು ಕೋಣೆ’ ಎಂದು ಬರೆದು ಅಂಟಿಸಿದೆ. ಅದರಲ್ಲಿ ಏನಿದೆ ಎಂದು ಮರೈಕೆ ಕೇಳಿದರು. ಕಿರಣ್ ಅಧ್ಯಕ್ಷರ ಮುಖ ನೋಡಿದ.

‘ಏಳಪ್ಪ, ಇದ್ದದ್ದ ಇದ್ದಂಗೆ ಏಳು,’ ಎಂದೆ. ‘ಇವ್ರ ಕಟ್ಟಡದಲ್ಲಿ ಆ ಕ್ವಾಣೆ ಎಲ್ಲದೆ ಕೇಳು.’

ಅವನು ಕೇಳಿದ. ಮರೈಕೆಗೆ ಅರ್ಥವಾಗಲಿಲ್ಲ. ಮತ್ತೆ ಕೇಳಿದ. ಅವರು ತಲೆ ಆಡಿಸಿದರು. ಸಾವು ಬರೆಸುವ ಮೇಜು ಇದೆ, ಹುಟ್ಟು, ಮದುವೆ, ಸಾವು ಮೂರಕ್ಕೂ ಅದೊಂದೇ ಮೇಜು. ಆದರೆ ಹೆಣ ಇಡುವ ಕೋಣೆ ಪುರಸಭೆಯಲ್ಲಿ ಇಲ್ಲ. ಬಹಳ ಜನ ಮನೆಯಲ್ಲೇ ಇರಿಸಿಕೊಳ್ಳುತ್ತಾರೆ ಎಂದರು.

‘ಬಾಡಿಗೆ ಮನೆಯವ್ರು?’ ಎಂದೆ.

ಅವರೂ ಮನೆಯಲ್ಲೇ. ಮರೈಕೆ ಕಿರಣನ ಹತ್ತಿರ ನಿಧಾನವಾಗಿ ಏನೋ ಹೇಳಿದರು. ನಮ್ಮ ಮನೆಯ ಕೆಳಗಿನ ಮನೆಯಲ್ಲಿ ಯಾನ್ ಎಂಬ ಮುದುಕರು ತೀರಿಕೊಂಡಿದ್ದಾರೆ, ಬಾಡಿಗೆ ಮನೆಯೇ, ಮಣ್ಣು ಮಾಡುವುದು ಇನ್ನೂ ಆಗಿಲ್ಲ, ಯಾರು ಬೇಕಾದರೂ ಹೋಗಿ ನೋಡಬಹುದು, ಸಂಜೆ ನಾನೂ ಹೋಗುತ್ತೇನೆ, ನೀವು ಬರುತ್ತೀರಾ ಎಂದು.

ಅಧ್ಯಕ್ಷರು ಎರಡು ಹೆಜ್ಜೆ ಹಿಂದೆ ಸರಿದರು. ‘ಎಣ ನೋಡಕ್ಕೆ ವಿಮಾನ ಅತ್ತುಸ್ಕಂಡು ಬಂದ್ರಾ ಗೌರಕ್ಕ ನಮ್ಮನ್ನ? ನೀವು ಓಗಿ. ನಾನು ಬರಕಿಲ್ಲ. ಈ ಚಳೀಲಿ ತಲೆಗೆ ನೀರು ಉಯ್ಕಂಡ್ರೆ ನನ್ನೂ ಅಲ್ಲೇ ಮಲಗುಸ್ತಾರೆ.’

ಯಾನ್ ಅವರ ಮನೆ

ಸಾಲು ಮನೆಗಳು. ಪರದೆ ಎಳೆಯದ ದೊಡ್ಡ ಕಿಟಕಿ. ಬೀದಿಯಿಂದಲೇ ಕಾಣುತ್ತಿತ್ತು, ಮುಂದಿನ ಕೋಣೆಯಲ್ಲಿ ಮಂಚ, ಮಂಚದ ಮೇಲೆ ನೀಲಿ ಸ್ವೆಟರು ಹಾಕಿಕೊಂಡ ಮುದುಕ. ಹಾಸಿಗೆಯ ಕೆಳಗೆ ತಣ್ಣಗಿಡುವ ಯಂತ್ರ ಒಂದು ಗುಂಯ್ ಎನ್ನುತ್ತಿತ್ತು. ಕನ್ನಡಕ ಹಾಕಿಸಿದ್ದರು. ಓದದೆ ಇದ್ದರೆ ಅವರಿಗೆ ಆಗುತ್ತಿರಲಿಲ್ಲ ಎಂದು ಅವರ ಹೆಂಡತಿ ಹೇಳಿದರು. ಆಕೆ ಅಳುತ್ತಿರಲಿಲ್ಲ, ಆದರೆ ಮಾತಿನ ನಡುವೆ ಮಂಚದ ಕಡೆ ತಿರುಗಿ ನಿಲ್ಲುತ್ತಿದ್ದರು, ಅವರು ಏನೋ ಸೇರಿಸುತ್ತಾರೆ ಎಂಬಂತೆ.

ನಮಗೂ ಕಾಫಿ ಬಂತು, ಒಂದೊಂದು ತುಂಡು ಕೇಕು ಬಂತು. ಸಾವಿನ ಮನೆಯಲ್ಲಿ ನಾವು ಹನಿ ನೀರು ಮುಟ್ಟುವುದಿಲ್ಲ. ಕಿರಣ್ ತಟ್ಟೆ ಹಿಡಿದು ನನ್ನನ್ನು ನೋಡಿದ. ತಿನ್ನಪ್ಪ, ಆಕೆ ಮಾಡಿರುವುದು ಎಂದೆ. ನಾನೂ ತಿಂದೆ.

ಪಕ್ಕದ ಮನೆಯವರು ಬರುತ್ತಿದ್ದರು, ಹೋಗುತ್ತಿದ್ದರು. ಯಾರೂ ಮೂಗು ಮುಚ್ಚಲಿಲ್ಲ, ಯಾರೂ ಬಾಗಿಲಲ್ಲೇ ನಿಂತು ಹೋಗಲಿಲ್ಲ. ಕಪಾಟಿನ ಮೇಲೆ ಒಂದು ದೊಡ್ಡ ಹೂಗುಚ್ಛ ಇತ್ತು. ಅದನ್ನು ಮನೆ ಬಾಡಿಗೆಗೆ ಕೊಟ್ಟ ಸಂಘದವರು ಕಳಿಸಿದ್ದಂತೆ.

‘ಮನೆ ಕೊಟ್ಟೋರು ಏನೂ ಅನ್ನಲಿಲ್ವಾ ಕೇಳು,’ ಎಂದು ಕಿರಣನಿಗೆ ಹೇಳಿದೆ.

ಆಕೆಗೆ ಪ್ರಶ್ನೆಯೇ ಹಿಡಿಯಲಿಲ್ಲ. ಏನು ಅನ್ನಬೇಕು? ಇದು ಅವರ ಮನೆಯಲ್ಲವೇ, ಇಲ್ಲೇ ಬಹಳ ಕಾಲ ಇದ್ದರು ಎಂದರು. ಆಮೇಲೆ, ನಿಮ್ಮ ಊರಿನಲ್ಲಿ ಹೇಗೆ ಎಂದು ಕೇಳಿದರು.

ನಾನು ಎಲ್ಲ ಹೇಳಿದೆ. ಪುಟ್ಟಸ್ವಾಮಿಯ ಹೆಂಡತಿ, ಕಂಬ, ಟಾರ್ಪಾಲು, ಮಳೆ. ನಮ್ಮ ಯಜಮಾನರ ವಿಷಯವನ್ನೂ ಹೇಳಿದೆ. ನಾನು ಅಷ್ಟು ಹೊತ್ತು ಮಾತಾಡಿದ್ದಕ್ಕೆ ಕಿರಣ್ ಎರಡೇ ಮಾತು ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದ. ಆಕೆ ಮುಗುಳ್ನಕ್ಕು ತಲೆ ಆಡಿಸಿದರು.

‘ಏನ್ಲಾ ಏಳ್ದೆ?’

‘ನಮ್ಮಲ್ಲಿ ಸಂಪ್ರದಾಯ ಸ್ವಲ್ಪ ಬೇರೆ ಅಂದೆ ಅಕ್ಕ,’ ಎಂದ. ಅವನ ಕಣ್ಣು ತಟ್ಟೆಯಲ್ಲೇ ಇತ್ತು. ‘ಅದನ್ನ ಇಲ್ಲಿ ಕೂತ್ಕೊಂಡು ಹೇಗಕ್ಕ ಹೇಳಲಿ? ನಾಚಿಕೆ ಆಗುತ್ತೆ.’

ಬೈಯಬೇಕೆಂದುಕೊಂಡೆ. ಆದರೆ ನಾಚಿಕೆ ನನಗೂ ಆಗಿತ್ತು. ಕೋಣೆ ಹುಡುಕಿಕೊಂಡು ಸಮುದ್ರ ದಾಟಿ ಬಂದಿದ್ದೆ, ಇಲ್ಲಿ ಕೋಣೆಯೇ ಬೇಕಾಗಿರಲಿಲ್ಲ. ನಮ್ಮಲ್ಲಿ ಇಲ್ಲದಿರುವುದು ಇಟ್ಟಿಗೆ ಸಿಮೆಂಟಿನದಲ್ಲ ಎಂದು ಆ ಮುದುಕರ ಕಾಲ ದೆಸೆಯಲ್ಲಿ ಕೂತು ತಿಳಿಯಿತು. ತಿಳಿದು ಸಮಾಧಾನವೇನೂ ಆಗಲಿಲ್ಲ. ಸಿಮೆಂಟಿನದಾಗಿದ್ದರೆ ಟೆಂಡರ್ ಕರೆಯಬಹುದಿತ್ತು.

ಹೋಟೆಲಿಗೆ ಬಂದು ತಲೆಗೆ ನೀರು ಹಾಕಿಕೊಳ್ಳಲು ನೋಡಿದರೆ ಅಲ್ಲಿ ತಂಬಿಗೆಯೂ ಇಲ್ಲ, ಬಕೆಟ್ಟೂ ಇಲ್ಲ, ನಲ್ಲಿಯ ಪೈಪು ಹೇಗೆ ತಿರುಗಿಸಿದರೂ ಒಂದೋ ಮಂಜು ಒಂದೋ ಕುದಿ. ಕಾಫಿ ಕಪ್ಪಿನಲ್ಲಿ ಮೊಗೆದು ಮೊಗೆದು ಹಾಕಿಕೊಂಡೆ. ನೀರು ಬಾಗಿಲ ಸಂದಿಯಿಂದ ಹೊರಗೆ ಹರಿದು ಕೋಣೆಗಳ ನಡುವಿನ ಓಣಿಗೆ ಹಾಸಿದ್ದ ಕಂಬಳಿಯೆಲ್ಲ ನೆನೆದು, ಕೆಳಗಿನಿಂದ ಒಬ್ಬಳು ಓಡಿ ಬಂದಳು. ಒದ್ದೆ ತಲೆಯಲ್ಲಿ ನಿಂತು ಆ ಹುಡುಗಿಗೆ ಕೈ ಮುಗಿದೆ.

ಕಾಲುವೆ ದಂಡೆ

ಕೊನೆಯ ದಿನ ನಮಗೆ ಬಿಡುವು. ಊರ ನಡುವಿನ ಕಾಲುವೆಯ ದಂಡೆಯ ಮೇಲೆ ಬೆಂಚು ಹಾಕಿದ್ದರು. ಹಳೇ ಮನೆಗಳ ನೆತ್ತಿಯಲ್ಲಿ ಒಂದೊಂದು ಕಬ್ಬಿಣದ ಕೊಕ್ಕೆ. ಒಳಗಿನ ಮೆಟ್ಟಿಲು ಬಹಳ ಕಿರಿದಾದ್ದರಿಂದ ಮಂಚ, ಬೀರುಗಳನ್ನು ಹಗ್ಗ ಕಟ್ಟಿ ಕಿಟಕಿಯಿಂದ ಏರಿಸುತ್ತಾರಂತೆ. ಅಧ್ಯಕ್ಷರು ಅದನ್ನು ಫೋಟೋ ತೆಗೆದುಕೊಂಡು ನನ್ನ ಪಕ್ಕ ಬಂದು ಕೂತರು. ಹಿಂದಿನ ದಿನದಿಂದ ನನ್ನಿಂದ ಸ್ವಲ್ಪ ದೂರವೇ ಇದ್ದರು.

‘ಗೌರಕ್ಕ, ಬ್ಯಾಸರ ಮಾಡ್ಕಬ್ಯಾಡಿ,’ ಎಂದರು. ‘ನೀವೇ ಕೇಳುದ್ರಿ, ಅವ್ರೇ ಏಳುದ್ರು. ಇಷ್ಟು ಮುಂದುವರ್ದಿರೋ ದೇಸದಲ್ಲೇ ಪುರಸಭೆಲಿ ಎಣ ಮಡುಗೋ ಕ್ವಾಣೆ ಇಲ್ಲ. ನಾವ್ ಕಟ್ಟುದ್ರೆ ನಕ್ಕಾರು.’

‘ಅವ್ರಿಗೆ ಯಾಕಿಲ್ಲ ಅಂತ್ಲೂ ಕೇಳುಸ್ಕಂಡ್ರಲ್ಲ ಅಧ್ಯಕ್ಷರೇ. ಅವ್ರು ಮನೇಲೇ ಮಡಿಕತಾರೆ. ನಮ್ಮೋರ್ನ ಮನೆಗೇ ಸೇರ್ಸಕಿಲ್ವಲ್ಲ.’

‘ಅದು ಮನೆ ಮಾಲೀಕರ ಇಚಾರ. ಅದುಕ್ಕೆ ಪುರಸಭೆ ಏನ್ಮಾಡಕ್ಕಾಯ್ತದೆ?’ ಮತ್ತೆ ದನಿ ತಗ್ಗಿಸಿ ಹೇಳಿದರು. ‘ನಾನು ಶಕುನದೋನು ಅಂತ ನೀವೆಲ್ಲ ಆಡ್ಕತೀರಿ, ಆಡ್ಕಳಿ. ಒಂದು ಯೋಚ್ನೆ ಮಾಡಿ. ದೊಡ್ಡ ಛತ್ರದಲ್ಲಿ ಮದುವೆ ಮಾಡಕ್ಕಾಗ್ದೋರ್ಗೆ ಅಂತ್ಲೇ ಅಲ್ವಾ ಈ ಭವನ ಕಟ್ತಿರದು? ನಿಮ್ಮ ಬಾಡ್ಗೆ ಮನೆಯೋರ ಮಕ್ಕಳ ಮದುವೆನೂ ಅಲ್ಲೇ ಆಗ್ಬೇಕು. ಪಕ್ಕದ ಗ್ವಾಡೆ ಆಚೆ ಎಣ ಕೂರ್ಸಿರ್ತಾರೆ ಅಂದ್ರೆ ಯಾವ ಬೀಗ್ರು ಒಪ್ತಾರೆ? ನಿಮ್ಮ ಮಗಳ ಮದುವೆ ಅಲ್ಲಿ ಮಾಡ್ತಿದ್ರಾ?’

‘ಬಾಗ್ಲು ಬೇರೆ ಇಡ್ಸಣ. ಹಿಂದಿನ ಬೀದಿಗೆ.’

‘ಬಾಗ್ಲು ಬೇರೆ ಆದ್ರೆ ಬಾಯಿ ಬೇರೆ ಆದದಾ? ಜನ ಆಡೋದು ಆಡ್ತಾರೆ.’

ಅವರ ಮಾತಿನಲ್ಲಿ ನಿಜವಿತ್ತು. ಸಿಟ್ಟು ಬಂದದ್ದು ಅದಕ್ಕೇ. ನನ್ನ ಮಗಳ ಮದುವೆಯನ್ನು ಅಂಥ ಕಡೆ ನಾನು ಮಾಡುತ್ತಿದ್ದೆನೇ ಎಂದು ಎದೆ ಮುಟ್ಟಿ ಕೇಳಿಕೊಂಡರೆ, ಮಾಡುತ್ತಿರಲಿಲ್ಲ. ಹಿಂದಿನ ದಿನ ಆ ಗೋಡೆಯ ಮುಂದೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಅಧ್ಯಕ್ಷರ ಕೈಗೆ ಈ ಮಾತಾದರೂ ಸಿಗುತ್ತಿರಲಿಲ್ಲ. ಒಂದು ಬಾತುಕೋಳಿ ಮರಿಗಳನ್ನು ಹಿಂದೆ ಕಟ್ಟಿಕೊಂಡು ತೇಲಿ ಹೋಯಿತು. ಅಧ್ಯಕ್ಷರು ತಮ್ಮ ಚೀಲದಿಂದ ಕೋಡುಬಳೆ ತೆಗೆದು ನನಗೂ ಕೊಟ್ಟರು. ತಿನ್ನುತ್ತಾ ಕೂತೆವು.

ನಮ್ಮ ಬೀದಿ

ಮನೆಗೆ ಬಂದಾಗ ಯಜಮಾನರು ದಿಂಬಿಗೆ ಒರಗಿ ಎಚ್ಚರವಾಗಿದ್ದರು. ನಾನು ಹೋದಾಗ ಇದ್ದದ್ದಕ್ಕಿಂತ ಕೆನ್ನೆ ಒಳಗೆ ಹೋಗಿತ್ತು. ತಂದ ಚಾಕಲೇಟು ಬಾಯಿಗೆ ಇಟ್ಟುಕೊಂಡು, ‘ಏನಾಯ್ತು ಕ್ವಾಣೆ?’ ಎಂದರು.

ಯಾನ್ ಅವರ ಮನೆಯನ್ನು ಪೂರ್ತಿ ಹೇಳಿದೆ. ಕನ್ನಡಕದ ವಿಷಯ ಕೇಳಿ ನಕ್ಕರು, ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ, ‘ಅಂಗಾದ್ರೆ ಪುರಸಭೆ ಯಾಕೆ? ಶಿವಣ್ಣನ್ನೇ ಕೇಳು,’ ಎಂದರು.

ಶಿವಣ್ಣ ನಮ್ಮ ಮನೆ ಮಾಲೀಕ. ಇವರನ್ನು ಅಣ್ಣ ಎಂದೇ ಕರೆಯುವವನು. ಹೊಲದಲ್ಲಿ ಅವರೆಕಾಯಿ ಬಿಟ್ಟರೆ ಮೊದಲ ಬುಟ್ಟಿ ನಮಗೆ. ಇವರಿಗೆ ಉಸಿರು ಕಟ್ಟಿದಾಗಲೆಲ್ಲ ಆಸ್ಪತ್ರೆಗೆ ಒಯ್ದದ್ದು ಅವನ ಕಾರೇ. ಅಷ್ಟು ವರ್ಷ ನಾನು ಅವನನ್ನು ಆ ಒಂದು ಮಾತು ಕೇಳಿರಲಿಲ್ಲ. ಅವತ್ತು ಸಂಜೆ ಹೋಗಿ ಕೇಳಿಬಿಟ್ಟೆ. ನಿಮ್ಮ ಅಣ್ಣನಿಗೆ ಏನಾದರೂ ಆದರೆ ಆ ಮನೆಯಲ್ಲೇ ಕೂರಿಸುತ್ತೇನೆ, ಒಪ್ಪಿಗೆ ಕೊಡಿ ಎಂದು.

ಶಿವಣ್ಣನ ಕಣ್ಣಲ್ಲಿ ನೀರು ಬಂತು. ಸುಳ್ಳು ನೀರಲ್ಲ. ನಾಳೆ ಹೇಳುತ್ತೇನೆ ಎಂದು ಒಳಗೆ ಹೋದ. ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಬಾಳೆಹಣ್ಣು ಹಿಡಿದು ಬಂದರು.

‘ಅಕ್ಕ, ಆಸಾಡ ಕಳುದ್ರೆ ನಮ್ಮ ಮಗೀಗೆ ಗಂಡು ನೋಡ್ಬೇಕು,’ ಎಂದ. ‘ಇದೇ ಮನೆ ಅವ್ಳಿಗೆ ಅಂತ ಮಡುಗಿರದು. ಅಣ್ಣ ನಂಗೆ ಒಡುಟ್ಟಿದೋರಂಗೆ. ನೀವು ಕೇಳ್ದೆ ಇದ್ದಿದ್ರೆ ನಾನು ಏನೂ ಅಂತಿರ್ನಿಲ್ಲ. ಈಗ ಕೇಳ್ಬುಟ್ರಿ. ಆದಷ್ಟು ಬ್ಯಾಗ ಬ್ಯಾರೆ ಕಡೆ ನೋಡ್ಕಂಡ್ಬುಡಿ.’

ಅವನ ಹೆಂಡತಿ ನನ್ನ ಕೈ ಹಿಡಿದು ಅತ್ತಳು. ಮನೆ ಖಾಲಿ ಮಾಡಿ ಎಂದು ಹೇಳಲು ಬಂದವರಿಗೆ ನಾನೇ ಟೀ ಮಾಡಿ ಕೊಟ್ಟೆ.

ಅದೇ ವಾರ ಪುರಸಭೆಯಲ್ಲಿ ನಕ್ಷೆ ಪಾಸಾಯಿತು. ಕೆಳಗೆ ಕಚೇರಿ, ಮೇಲೆ ಸಮುದಾಯ ಭವನ, ಪಕ್ಕದಲ್ಲಿ ಪಾರ್ಕಿಂಗ್. ಸಭೆ ಕೋಣೆಗೆ ಗಾಜಿನ ಗೋಡೆ ಕೂಡ ಇದೆ, ಅದು ಅಧ್ಯಕ್ಷರಿಗೆ ಹಿಡಿಸಿತ್ತು. ನನ್ನ ಕೋಣೆಯ ಮಾತು ಬಂದಾಗ, ‘ಗೌರಮ್ಮನವ್ರೇ ಖುದ್ದು ವಿದೇಸದಲ್ಲಿ ವಿಚಾರಿಸವ್ರೆ, ಅಲ್ಲೂ ಇಲ್ವಂತೆ’ ಎಂದು ಸದಸ್ಯರೊಬ್ಬರು ಎದ್ದು ಹೇಳಿದರು. ವಿರೋಧಿಸಿ ಕೈ ಎತ್ತಿದವಳು ನಾನೊಬ್ಬಳೇ. ಪುಟ್ಟಸ್ವಾಮಿ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವನಿಗೆ ಮುಖ ತೋರಿಸಲಾಗದೆ ಹಿಂದಿನ ಮೆಟ್ಟಿಲಿನಿಂದ ಇಳಿದು ಹೋದೆ.

ಆಮೇಲೆ ಮನೆ ಹುಡುಕುವ ಕೆಲಸ. ನೀರು ಬರುತ್ತದಾ, ಬಚ್ಚಲು ಎಲ್ಲಿ ಎಂದು ಕೇಳುವುದಕ್ಕೆ ಮೊದಲೇ, ನಮ್ಮ ಮನೆಯವರಿಗೆ ಹುಷಾರಿಲ್ಲ, ಇಲ್ಲೇ ಹೋಗಬಹುದು, ಹೋದರೆ ಇಲ್ಲೇ ಕೂರಿಸುತ್ತೇನೆ ಎನ್ನುತ್ತಿದ್ದೆ. ಕೆಲವರು ಬೈದರು. ಒಬ್ಬಾಕೆ ನಾನು ನಿಂತ ಜಾಗಕ್ಕೆ ನೀರು ಹಾಕಿದಳು. ಮೆಂಬರಮ್ಮನಿಗೆ ತಲೆ ಕೆಟ್ಟಿದೆ ಎಂದು ಊರಲ್ಲಿ ಮಾತಾಯಿತು.

ಕೊನೆಗೆ ಸಿಕ್ಕಿದ್ದು ಊರಾಚೆ, ಹನೂರು ರಸ್ತೆಯ ಸೆಲ್ವಿಯಮ್ಮನ ಹಂಚಿನ ಮನೆ. ಆಕೆ ಗೋಪಿನಾಥಂ ಕಡೆಯವಳು, ಮೀನು ಮಾರುವವಳು. ನನ್ನ ಮಾತು ಕೇಳಿ ಬುಟ್ಟಿ ತೊಳೆಯುವುದನ್ನು ನಿಲ್ಲಿಸಿ ಕೈ ಒರೆಸಿಕೊಂಡಳು.

‘ಇರೋದು ಇಲ್ಲಿ ಅಂದ್ರೆ ಸಾಯೋದೂ ಇಲ್ಲೇ ತಾನೇ ಅಮ್ಮಾ,’ ಎಂದಳು. ‘ಪರವಾಯಿಲ್ಲೆ, ಬನ್ನಿ. ನಮ್ ಮೀನು ವಾಸನೆ ಮಾತ್ರ ನೀವು ಸಹಿಸ್ಕೋಬೇಕು.’

ಮೀನು ಮುಟ್ಟದ ಜನ ನಾವು. ಸಾಮಾನು ಸಾಗಿಸಿದ ದಿನ ನಮ್ಮವರು ಯಾರೂ ಹಾಲು ಉಕ್ಕಿಸಲು ಬರಲಿಲ್ಲ. ಯಜಮಾನರನ್ನು ಆಟೋದಿಂದ ಇಳಿಸಿ ಒಳಗೆ ಮಂಚದ ಮೇಲೆ ಮಲಗಿಸಲು ಹೋದೆ. ಬೇಡ ಎಂದು ಕೈ ಅಡ್ಡ ಹಿಡಿದರು.

‘ಎಲ್ಲಿ ಕೂರುಸ್ತೀಯೆ, ಮೊದ್ಲು ಅದ ತೋರ್ಸು.’

ಬೈದೆ. ಅವರು ಕೇಳಲಿಲ್ಲ. ಗೋಡೆ ಹಿಡಿದು, ನಿಂತು, ಉಸಿರು ಎಳೆದುಕೊಂಡು, ನಡುಮನೆಯನ್ನು ಒಂದು ಸುತ್ತು ನೋಡಿದರು. ಬಾಗಿಲಿಗೆ ಎದುರಾಗಿ ಬೆಳಕು ಬೀಳುವ ಕಡೆ ಮೆಲ್ಲಗೆ ಕುಸಿದು, ಕೈಯಿಂದಲೇ ಕಾಲು ಎಳೆದು ಚಕ್ಕಳಮಕ್ಕಳ ಹಾಕಿಕೊಂಡರು. ಬೆನ್ನು ನೆಟ್ಟಗಾಯಿತು. ಕಣ್ಣು ಮುಚ್ಚಿದರು.

‘ಇಲ್ಲಿ ಚೆನ್ನಾಗದೆ,’ ಎಂದರು. ‘ಬಂದೋರ್ಗೆಲ್ಲ ಕಾಣ್ತೀನಿ.’

‘ಸಾಕು, ಏಳ್ರೀ’ ಎಂದೆ. ಅವರು ಏಳಲಿಲ್ಲ. ಎಳೆದು ಎಬ್ಬಿಸುವ ಶಕ್ತಿ ನನಗೂ ಇರಲಿಲ್ಲ. ಬಿಚ್ಚದ ಗಂಟುಮೂಟೆಗಳನ್ನು ಅತ್ತ ಸರಿಸಿ, ಬರುವ ಜನ ಕೂರುವ ಜಾಗದಲ್ಲಿ, ಅವರ ಎದುರಿಗೆ ನಾನೇ ಮೊದಲು ಕೂತೆ.